ಮಾನಿಟರ್ ಹೆಡ್‌ಫೋನ್

ಮಾನಿಟರ್ ಹೆಡ್‌ಫೋನ್ ಎಂಬುದು ಧ್ವನಿಮುದ್ರಣ, ಪ್ರಸಾರ ಮತ್ತು ಧ್ವನಿ ಸಂಕಲನದ ವೇಳೆ ಶಬ್ದವನ್ನು ಇದ್ದುದು ಇದ್ದಂತೆ ಕೇಳಿ ಪರೀಕ್ಷಿಸಲು ಬಳಸುವ ಶ್ರವಣ ಸಾಧನ. ಮನರಂಜನೆಗಾಗಿ ತಯಾರಾಗುವ ಹಲವು ಹೆಡ್‌ಫೋನ್‌ಗಳಲ್ಲಿ ಕೆಳಸ್ತರದ ನಾದವನ್ನು ಹಿಗ್ಗಿಸಿ ಹಾಡನ್ನು ಇಂಪುಗೊಳಿಸಲಾಗುತ್ತದೆ. ಮಾನಿಟರ್ ಹೆಡ್‌ಫೋನ್‌ನ ಉದ್ದೇಶ ಇದಕ್ಕಿಂತ ಭಿನ್ನ. ಮೈಕ್‌ಗೆ ಬಡಿದ ಗಾಳಿಯ ಸದ್ದು, ವಿದ್ಯುತ್ತಿನ ಗುಂಯ್‌ಗುಡುವಿಕೆ, ಒಡೆದ ಸ್ವರ ಮೊದಲಾದ ದೋಷಗಳನ್ನು ಅದು ಮರೆಮಾಚದೆ ಕೇಳಿಸಬೇಕು. ಮಿತ ವೆಚ್ಚದಲ್ಲಿ ಇದನ್ನು ಆರಿಸುವಾಗ ನಿಖರತೆ, ಹೊರಸದ್ದಿನ ತಡೆ, ಧರಿಸಲು ಹಿತ ಮತ್ತು ಬಿಡಿಭಾಗಗಳ ಲಭ್ಯತೆ ಮುಖ್ಯವಾಗುತ್ತವೆ.

ಇತಿಹಾಸ

ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ 1910ರ ಸುಮಾರಿಗೆ ತಯಾರಿಸಿದ ಹೆಡ್‌ಫೋನ್‌ಗಳನ್ನು ಆ ದೇಶದ ನೌಕಾಪಡೆ ಬಳಕೆಗೆ ತಂದಿತು. ಜರ್ಮನಿಯ ಬೇಯರ್ ಸಂಸ್ಥೆ 1937ರಲ್ಲಿ ಡಿಟಿ 48 ಎಂಬ ಡೈನಮಿಕ್ ಹೆಡ್‌ಫೋನನ್ನು ಹೊರತಂದಿತು. 1958ರಲ್ಲಿ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನನ್ನು ಪರಿಚಯಿಸಿದರು. ಸೋನಿ ಸಂಸ್ಥೆಯ ಎಂಡಿಆರ್-7506 ಮಾದರಿಯು 1991ರಿಂದ ಸ್ಟುಡಿಯೊಗಳಲ್ಲಿಯೂ ಹೊರಾಂಗಣ ಧ್ವನಿಮುದ್ರಣದಲ್ಲಿಯೂ ಬಳಕೆಯಲ್ಲಿದೆ.

ಜಾನಪದ ಧ್ವನಿಮುದ್ರಣ ಮತ್ತು ರಾಮನಗರ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಒಳಗೊಂಡ ಪ್ರದೇಶವು ಜಾನಪದ ಸಂಗ್ರಹಕ್ಕೆ ಹೆಸರಾದುದು. ಎಚ್.ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು, ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಜಾನಪದ ಲೋಕವನ್ನು ನಿರ್ಮಿಸಿತು. 1994ರಲ್ಲಿ ಉದ್ಘಾಟನೆಯಾದ ಈ ಸಂಗ್ರಹಾಲಯದಲ್ಲಿ ವಸ್ತುಗಳ ಜೊತೆಗೆ ಜನಪದ ಗೀತೆ ಹಾಗೂ ಕಲೆಗಳ ಧ್ವನಿ ಮತ್ತು ದೃಶ್ಯ ಮುದ್ರಣಗಳೂ ಇವೆ.

ಇಂತಹ ಸಂಗ್ರಹಕಾರ್ಯದಲ್ಲಿ ಹೆಡ್‌ಫೋನ್‌ನ ಆಯ್ಕೆ ಕೇವಲ ಅನುಕೂಲದ ಪ್ರಶ್ನೆಯಲ್ಲ. ಸೋಬಾನೆ ಪದ ಅಥವಾ ದೀರ್ಘ ಕಥನಗೀತೆಯನ್ನು ಹಾಡುವ ವೃದ್ಧ ಕಲಾವಿದರು ಅದನ್ನು ಮತ್ತೊಮ್ಮೆ ಅದೇ ರೀತಿ ಹಾಡುವರೆಂಬ ಖಾತರಿಯಿಲ್ಲ. ಮುದ್ರಣದ ದೋಷ ಮನೆಗೆ ಮರಳಿದ ಮೇಲೆ ತಿಳಿದರೆ ಆ ಪಾಠ ಶಾಶ್ವತವಾಗಿ ಕೈತಪ್ಪಬಹುದು. ಭಾರತದ ವಿದ್ಯುತ್ ಪೂರೈಕೆಯ ಆವರ್ತನ 50 ಹರ್ಟ್ಸ್. ಈ ಮಟ್ಟದ ಗುಂಯ್‌ಗುಡುವಿಕೆಯನ್ನು ಮೊಬೈಲ್ ಫೋನಿನ ಸಣ್ಣ ಸ್ಪೀಕರ್ ಕೇಳಿಸಲಾರದು. ಕಿವಿಯನ್ನು ಸರಿಯಾಗಿ ಮುಚ್ಚುವ ಮಾನಿಟರ್ ಹೆಡ್‌ಫೋನ್ ಕೇಳಿಸುತ್ತದೆ.

ವಿಧಗಳು

* ಮುಚ್ಚಿದ ಬಗೆ: ಕಿವಿಬಟ್ಟಲಿನ ಹಿಂಭಾಗ ಮುಚ್ಚಿರುತ್ತದೆ. ಹೊರಸದ್ದು ಕಡಿಮೆ ಕೇಳಿಸುತ್ತದೆ, ಒಳಗಿನ ಶಬ್ದ ಮೈಕ್‌ಗೆ ಸೋರುವುದೂ ಕಡಿಮೆ. ತಮಟೆ, ಡೊಳ್ಳುಗಳ ಸಮೀಪ ಮುದ್ರಿಸುವಾಗ ಇದೇ ಸೂಕ್ತ.
* ತೆರೆದ ಬಗೆ: ಹಿಂಭಾಗದಲ್ಲಿ ಜಾಲರಿಯಿರುತ್ತದೆ. ಶಬ್ದ ಸಹಜವಾಗಿ ಕೇಳಿಸುತ್ತದೆ, ಕಿವಿಗೆ ಗಾಳಿಯಾಡುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಸಂಕಲನ ಮಾಡಲು ಯೋಗ್ಯ.
* ಅರೆತೆರೆದ ಬಗೆ: ಇವೆರಡರ ನಡುವಿನದು. ಎಕೆಜಿ ಕೆ 240 ಇದಕ್ಕೆ ಉದಾಹರಣೆ.

ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ಶಬ್ದ ಸ್ವಲ್ಪ ತಡವಾಗಿ ಕಿವಿಗೆ ತಲುಪುವುದರಿಂದ ಮುದ್ರಣದ ಮೇಲ್ವಿಚಾರಣೆಗೆ ತಂತಿಯುಳ್ಳ ಮಾದರಿಗಳನ್ನೇ ಬಳಸಲಾಗುತ್ತದೆ.

ಆಯ್ಕೆಯ ಮಾನದಂಡಗಳು

ನಿಖರತೆ: ಮನುಷ್ಯನ ಶ್ರವಣ ವ್ಯಾಪ್ತಿ ಸುಮಾರು 20ರಿಂದ 20,000 ಹರ್ಟ್ಸ್. ಪೆಟ್ಟಿಗೆಯ ಮೇಲೆ ಇದಕ್ಕಿಂತ ದೊಡ್ಡ ವ್ಯಾಪ್ತಿಯನ್ನು ಮುದ್ರಿಸಿರುವುದು ಗುಣಮಟ್ಟಕ್ಕೆ ಪ್ರಮಾಣವಲ್ಲ. ಆ ವ್ಯಾಪ್ತಿಯುದ್ದಕ್ಕೂ ಯಾವ ಭಾಗವೂ ಅತಿಯಾಗಿ ಉಬ್ಬದೆ, ತಗ್ಗದೆ ಇರುವುದು ಮುಖ್ಯ. ಪರಿಚಿತ ವ್ಯಕ್ತಿಯ ಮಾತನ್ನು ಮುದ್ರಿಸಿ ಕೇಳುವುದು ಸರಳ ಪರೀಕ್ಷೆ. ದನಿ ಡಬ್ಬದೊಳಗಿನಿಂದ ಬಂದಂತೆ ಕೇಳಿಸಿದರೆ ಅಥವಾ ಸಕಾರ, ಶಕಾರಗಳು ಕಿವಿಗೆ ಚುಚ್ಚಿದರೆ ಆ ಸಾಧನದಲ್ಲಿ ಸಮತೋಲನವಿಲ್ಲ.

ಇಂಪೀಡೆನ್ಸ್: ಇದನ್ನು ಓಮ್‌ಗಳಲ್ಲಿ ಅಳೆಯಲಾಗುತ್ತದೆ. ಕೈಯಲ್ಲಿ ಹಿಡಿಯುವ ರೆಕಾರ್ಡರ್ ಮತ್ತು ಮೊಬೈಲ್‌ಗಳಿಗೆ 32ರಿಂದ 80 ಓಮ್‌ಗಳ ಹೆಡ್‌ಫೋನ್ ಹೊಂದುತ್ತದೆ. 250 ಓಮ್‌ಗಳ ಮಾದರಿಗೆ ಸಾಮಾನ್ಯವಾಗಿ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗುವುದರಿಂದ ವೆಚ್ಚ ಹೆಚ್ಚುತ್ತದೆ.

ಹಿತ: ಬಿಗಿಯಾದ ಪಟ್ಟಿಯಿಂದ ತಲೆನೋವು, ಬೆವರು ಉಂಟಾಗಿ ಕೇಳುವವರ ಗಮನ ಕುಂದುತ್ತದೆ, ಆಗ ನಿಖರವಾದ ಸಾಧನವೂ ಪ್ರಯೋಜನಕ್ಕೆ ಬಾರದು. ಕಿವಿಯನ್ನು ಒತ್ತದೆ ಅದರ ಸುತ್ತ ಕೂರುವ ಮೆತ್ತೆ ಉತ್ತಮ. ಕನ್ನಡಕದ ಕಡ್ಡಿಯಿಂದ ಮೆತ್ತೆಯ ನಡುವೆ ಸಂದು ಉಂಟಾದರೆ ಕೆಳಸ್ತರದ ನಾದ ಕುಗ್ಗುತ್ತದೆ. ಆದ್ದರಿಂದ ಕನ್ನಡಕ ಧರಿಸುವವರು ಅದನ್ನು ಹಾಕಿಕೊಂಡೇ, ಕನಿಷ್ಠ ಕಾಲು ಗಂಟೆ ಧರಿಸಿ ಪರೀಕ್ಷಿಸುವುದು ಸೂಕ್ತ.

ಮಿತವ್ಯಯ

ಆಡಿಯೊ-ಟೆಕ್ನಿಕಾ ಸಂಸ್ಥೆಯ ಎಂ ಶ್ರೇಣಿಯಲ್ಲಿ ಎಂ20ಎಕ್ಸ್ ಆರಂಭಿಕ ಮಾದರಿ. ಇದು 47 ಓಮ್‌ಗಳ, ಹಗುರವಾದ, ಮುಚ್ಚಿದ ಬಗೆಯ ಹೆಡ್‌ಫೋನ್. ಅದರ ತಂತಿಯನ್ನು ಕಳಚಲು ಬಾರದು. ದುಬಾರಿಯಾದ ಎಂ40ಎಕ್ಸ್‌ನಲ್ಲಿ ತಂತಿ ಕಳಚಿ ಬದಲಿಸಬಹುದು. ಪದೇ ಪದೇ ಹಳ್ಳಿಗಳಿಗೆ ಪ್ರಯಾಣಿಸುವವರಿಗೆ ಈ ವ್ಯತ್ಯಾಸ ಮುಖ್ಯ, ಏಕೆಂದರೆ ಮೊದಲು ಹಾಳಾಗುವ ಭಾಗಗಳು ತಂತಿ ಮತ್ತು ಮೆತ್ತೆ. ಕೃತಕ ಚರ್ಮದ ಮೆತ್ತೆ ಬೆವರಿನಿಂದ ಸಿಪ್ಪೆಯೇಳುತ್ತದೆ; ಅದನ್ನು ಬದಲಿಸಿದರೆ ಹಳೆಯ ಹೆಡ್‌ಫೋನ್ ಮರಳಿ ಉಪಯೋಗಕ್ಕೆ ಬರುತ್ತದೆ. ಜನಪ್ರಿಯ ಮಾದರಿಗಳ ನಕಲಿ ಸರಕೂ ಮಾರುಕಟ್ಟೆಯಲ್ಲಿರುವುದರಿಂದ ರಸೀದಿ ಮತ್ತು ವಾರಂಟಿ ಪಡೆಯುವುದು ಅಗತ್ಯ.

ಶ್ರವಣ ರಕ್ಷಣೆ

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು ದುಡಿಮೆಯ ಸ್ಥಳದಲ್ಲಿ 85 ಡೆಸಿಬೆಲ್ ಶಬ್ದಕ್ಕೆ ದಿನಕ್ಕೆ 8 ಗಂಟೆಗಳ ಮಿತಿಯನ್ನು ಶಿಫಾರಸು ಮಾಡಿದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. 94 ಡೆಸಿಬೆಲ್‌ನಲ್ಲಿ ಅದು 1 ಗಂಟೆ ಮಾತ್ರ. ತಮಟೆಯ ಅಬ್ಬರವನ್ನು ಮೀರಿಸಲು ಹೆಡ್‌ಫೋನ್‌ನ ಶಬ್ದವನ್ನು ಏರಿಸುವುದು ಅಪಾಯಕರ. ಅಂತಹ ಸಂದರ್ಭದಲ್ಲಿ ವಾದ್ಯಗಳಿಂದ ದೂರ ಸರಿದು, ರೆಕಾರ್ಡರಿನ ಮಟ್ಟಸೂಚಿಯನ್ನು ನೋಡುತ್ತ, ನಡುನಡುವೆ ಕಿವಿಗೆ ವಿರಾಮ ಕೊಡುವುದು ಉಚಿತ ಕ್ರಮ.