ತೋರಣಗಲ್ಲಿನಿಂದ ಲಾಸ್ ವೇಗಸ್‌ಗೆ

ಕೂಡ್ಲಿಗಿಯಿಂದ ಸಂಡೂರಿನ ಗುಡ್ಡ ದಾಟಿದರೆ ತೋರಣಗಲ್ಲು. ಉಕ್ಕಿನ ಕಾರ್ಖಾನೆಗೆ ಹೆಸರಾದ ಈ ಊರಿನ ಮಗ್ಗುಲಲ್ಲಿ 2018ರ ಆಗಸ್ಟ್ 15ರಂದು ಜೆಎಸ್‌ಡಬ್ಲ್ಯು ಸಮೂಹದ ‘ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್’ ತೆರೆಯಿತು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್ ಕಲಿಯುವವರಿಗೆ ಊಟ, ವಸತಿ, ತರಬೇತಿ ಎಲ್ಲ ಒಂದೇ ಆವರಣದಲ್ಲಿ. ಕ್ರೀಡಾಲೋಕಕ್ಕೆ ಈ ಜಾಗ ‘ವಿಜಯನಗರ’. ತಮಾಷೆಯೆಂದರೆ, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅದಕ್ಕೆ ಸೇರಿದವು; ತೋರಣಗಲ್ಲು ಮಾತ್ರ ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳಿಂದ ವೃತ್ತಿಪರ ಲೀಗ್ ಆದ ಎನ್‌ಬಿಎ ಪ್ರತಿವರ್ಷ ಆಟಗಾರರನ್ನು ಆರಿಸಿಕೊಳ್ಳುತ್ತದೆ. ಭಾರತದ ಬಾಕ್ಸರುಗಳಿಗೆ ವೃತ್ತಿಪರರಾಗಲು ಅಂಥ ಸಿದ್ಧ ಹಾದಿಯಿಲ್ಲ.

ಹಾಗಾಗಿಯೇ ಬಾಕ್ಸರ್ ನಿಶಾಂತ್ ದೇವ್ ಹೆಜ್ಜೆ ಗಮನಾರ್ಹ. ಹರಿಯಾಣದ ಕರ್ನಾಲಿನ ಈ ಹುಡುಗ ತೋರಣಗಲ್ಲಿನ ಈ ಸಂಸ್ಥೆಯಲ್ಲಿ ಪಳಗಿದವನು. 2023ರಲ್ಲಿ ತಾಷ್ಕೆಂಟಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೋದ ಮಾರ್ಕೊ ವರ್ಡೆ ಎದುರು 1-4ರಿಂದ ಸೋತ. ಆ ತೀರ್ಪಿನ ಬಗ್ಗೆ ತಕರಾರು ಎದ್ದದ್ದು ಸಹಜವೇ. ಬಳಿಕ ವೃತ್ತಿಪರ ಬಾಕ್ಸಿಂಗ್‌ಗೆ ಜಿಗಿದು, 2025ರ ಜನವರಿ 25ರಂದು ಲಾಸ್ ವೇಗಸ್‌ನ ಮೊದಲ ಪಂದ್ಯದಲ್ಲಿ ಆಲ್ಟನ್ ವಿಗಿನ್ಸ್‌ನನ್ನು ಮೊದಲ ಸುತ್ತಿನಲ್ಲೇ ಮಣಿಸಿದ.

ಅಥ್ಲೆಟಿಕ್ಸ್‌ನಲ್ಲಿ ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ ದಾಖಲೆಗಾಗಿ ದೂರ ಹೋಗಲಿಲ್ಲ. 2023ರ ಮಾರ್ಚ್ 2ರಂದು ಇದೇ ಆವರಣದ ಮರಳುಗುಂಡಿಗೆ 8.42 ಮೀಟರ್ ಹಾರಿ, ಉದ್ದ ಜಿಗಿತದಲ್ಲಿ ರಾಷ್ಟ್ರೀಯ ದಾಖಲೆ ಬರೆದರು. ಅದೇ ವರ್ಷ ಮೇ ತಿಂಗಳಲ್ಲಿ, ಇಲ್ಲೇ ತರಬೇತಿ ಪಡೆಯುತ್ತಿದ್ದ ಪ್ರವೀಣ್ ಚಿತ್ರವೇಲ್ ಕ್ಯೂಬಾದ ಹವಾನಾದಲ್ಲಿ ತ್ರಿವಿಧ ಜಿಗಿತದ ರಾಷ್ಟ್ರೀಯ ದಾಖಲೆಯನ್ನು 17.37 ಮೀಟರ್‌ಗೆ ಒಯ್ದರು.