ರಾಯಸಂ: ಹರಪನಹಳ್ಳಿಯ ಒಂದು ಅಪರೂಪದ ಮನೆತನದ ಹೆಸರು

ಹಾಸ್ಯ ಸಾಹಿತಿ ಬೀಚಿ 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದರು. ಅವರ ಪೂರ್ಣ ಹೆಸರು ರಾಯಸಂ ಭೀಮಸೇನರಾವ್. ಅದರಲ್ಲಿನ ‘ರಾಯಸಂ’ ಮೂಲತಃ ವಿಜಯನಗರ ಕಾಲದ ಒಂದು ಹುದ್ದೆ. ಅರಸನ ಮಾತನ್ನು ಬರಹಕ್ಕಿಳಿಸುವ ಅಧಿಕಾರಿಯೇ ರಾಯಸದವನು. ಕೃಷ್ಣದೇವರಾಯನ ಆಸ್ಥಾನದ ರಾಯಸಂ ಕೊಂಡಮರಸನ ಹೆಸರು ಶಾಸನಗಳಲ್ಲಿದೆ. ಅರಸ ಆಡಿದ್ದನ್ನೆಲ್ಲ ಬರೆದುಕೊಳ್ಳುವ ಕಾರ್ಯದರ್ಶಿಗಳು ಅವನ ಬಳಿ ಇರುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದಿದ್ದಾನೆ.

ಹುದ್ದೆ ಹೋದರೂ ಹೆಸರು ಮನೆತನಕ್ಕೆ ಉಳಿಯಿತು. ಹರಪನಹಳ್ಳಿಯ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲಿ ತಳವಾರ, ಬಡಿಗೇರ, ಪೂಜಾರ ಮನೆತನಗಳು ಹೆಚ್ಚು. ಆ ಹೆಸರುಗಳ ಹಿಂದಿನ ಕೆಲಸಗಳು ಊರೂರಿಗೂ ಬೇಕಿದ್ದವು. ರಾಯಸ ಬೇಕಿದ್ದುದು ಹೆಚ್ಚಾಗಿ ಆಸ್ಥಾನಗಳಿಗೆ. ಬಹುಶಃ ಆದ್ದರಿಂದಲೇ ಆ ಹೆಸರಿನ ಮನೆಗಳು ವಿರಳ.