ಸುಂಕದಕಟ್ಟೆಯಲ್ಲಿ ನೂರಕ್ಕೆ ಮೂವತ್ತು

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆ ಇದೆ. ಗಾಡಿ ತಡೆದು ಸುಂಕ ಎಣಿಸಿಕೊಳ್ಳುತ್ತಿದ್ದ ಕಟ್ಟೆ ಹೋಗಿ ಎಷ್ಟು ಕಾಲವಾಯಿತೋ, ಹೆಸರು ಮಾತ್ರ ಬಸ್ಸಿನ ಬೋರ್ಡಿನ ಮೇಲೆ ಉಳಿದಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯೂ ಉಳಿದಿದೆ. ಆ ಗಾದೆಯ ಅರ್ಥ ಇವತ್ತು ಚೆನ್ನಾಗಿ ಗೊತ್ತಿರುವುದು ಮೊಬೈಲ್ ಆಪ್ ಮಾಡಿ ಹೊಟ್ಟೆ ಹೊರೆಯುವವರಿಗೆ. ಅವರ ದಾರಿಯಲ್ಲಿರುವ ಕಟ್ಟೆಗಳು ಎರಡೇ: ಆಪಲ್‌ನ ಆಪ್ ಸ್ಟೋರ್ ಮತ್ತು ಗೂಗಲ್‌ನ ಪ್ಲೇ ಸ್ಟೋರ್. ಅಲ್ಲಿನ ಸುಂಕ ಬಹುಕಾಲ ನೂರಕ್ಕೆ ಮೂವತ್ತು.

ಮೊಬೈಲಿನಲ್ಲಿ ಮಾರಾಟವಾದದ್ದಕ್ಕೆ ಕಮಿಷನ್ ಹಿಡಿಯುವುದನ್ನು ಆಪಲ್ ಶುರು ಮಾಡಿದ್ದಲ್ಲ. 1999ರ ಫೆಬ್ರುವರಿಯಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಕಂಪನಿ ಐ-ಮೋಡ್ ಎಂಬ ಸೇವೆ ತಂದಿತು. ಸುದ್ದಿ, ಆಟ, ರಾಶಿಭವಿಷ್ಯ ಎಲ್ಲವೂ ಫೋನಿನ ಸಣ್ಣ ಪರದೆಯ ಮೇಲೆ; ದುಡ್ಡು ತಿಂಗಳ ಬಿಲ್ಲಿನ ಜೊತೆಗೆ ವಸೂಲು. ಆ ವಸೂಲಿಗೆ ಡೊಕೊಮೊ ಹಿಡಿದುಕೊಳ್ಳುತ್ತಿದ್ದದ್ದು ನೂರಕ್ಕೆ ಒಂಬತ್ತು ಮಾತ್ರ. ನಮ್ಮಲ್ಲಿ ಮೊಬೈಲ್ ಕಂಪನಿಗಳಿಗೆ ಅಷ್ಟು ಸಂಕೋಚವಿರಲಿಲ್ಲ. 'ಮುಂಗಾರು ಮಳೆ'ಯ ಹಾಡು ಊರೆಲ್ಲರ ಕಾಲರ್ ಟ್ಯೂನ್ ಆಗಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಚಂದಾದಾರ ಕೊಟ್ಟ ದುಡ್ಡಿನಲ್ಲಿ ಸಿಂಹಪಾಲು ಉಳಿಯುತ್ತಿದ್ದದ್ದು ಮೊಬೈಲ್ ಕಂಪನಿಯಲ್ಲೇ. ಹಾಡು ಕಟ್ಟಿದವರ ಕಡೆಗೆ ಹರಿದದ್ದು ಪಾತ್ರೆ ತೊಳೆದ ನೀರಿನಷ್ಟು.

ಹೀಗಾಗಿ 2008ರ ಜುಲೈ 10ರಂದು ಸುಮಾರು 500 ಆಪ್‌ಗಳೊಂದಿಗೆ ಆಪ್ ಸ್ಟೋರ್ ತೆರೆದಾಗ, 'ಎಪ್ಪತ್ತು ನಿಮಗೆ, ಮೂವತ್ತು ನಮಗೆ' ಎಂಬ ಮಾತು ಧಾರಾಳವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಂಗಡಿ ನಡೆಸುವ ಖರ್ಚು ಹುಟ್ಟಿದರೆ ಸಾಕು, ಇದರಿಂದ ಲಾಭ ಮಾಡುವ ಇರಾದೆ ಇಲ್ಲ ಎಂಬ ಅರ್ಥದ ಮಾತನ್ನು ಸ್ಟೀವ್ ಜಾಬ್ಸ್ ಆ ವರ್ಷ ಆಡಿದ್ದರು. ಕೆಲವೇ ತಿಂಗಳಲ್ಲಿ ಬಂದ ಆಂಡ್ರಾಯ್ಡ್ ಮಾರ್ಕೆಟ್ ಕೂಡ ಅದೇ ಮೂವತ್ತನ್ನು ಹಿಡಿಯಿತು. ಒಬ್ಬ ಅಂಗಡಿಯವನು ಹಾಕಿದ ದರವನ್ನು ಎದುರು ಅಂಗಡಿಯವನು ಹಾಗೇ ಬರೆದುಕೊಂಡಂತೆ.

ಜಗಳ ಶುರುವಾದದ್ದು ಆಪ್‌ನ ಬೆಲೆಯ ಮೇಲಲ್ಲ, ಆಪ್‌ನೊಳಗೆ ನಡೆಯುವ ವ್ಯಾಪಾರದ ಮೇಲೆ. 2011ರಲ್ಲಿ ಆಪಲ್ ಚಂದಾ ವ್ಯವಸ್ಥೆ ತಂದಿತು. ಆಪ್‌ನೊಳಗೆ ಮಾರುವ ಡಿಜಿಟಲ್ ಸರಕಿಗೆಲ್ಲ ನಮ್ಮ ಗಲ್ಲಾಪೆಟ್ಟಿಗೆಯನ್ನೇ ಬಳಸಬೇಕು, ಹೊರಗಿನ ಅಂಗಡಿಗೆ ಕೊಂಡಿ ಕೊಡುವಂತಿಲ್ಲ ಎಂದು ಬಿಗಿ ಮಾಡಿತು. ಆ ಜುಲೈನಲ್ಲಿ ಅಮೆಜಾನ್ ತನ್ನ ಐಫೋನ್ ಕಿಂಡಲ್ ಆಪ್‌ನಿಂದ ಪುಸ್ತಕದಂಗಡಿಯ ಗುಂಡಿಯನ್ನೇ ಕಿತ್ತುಹಾಕಿತು. ಅಲ್ಲಿಂದ ಮುಂದೆ ಐಫೋನಿನ ಕಿಂಡಲ್‌ನಲ್ಲಿ ಪುಸ್ತಕ ಓದಬಹುದಿತ್ತು, ಕೊಳ್ಳುವಂತಿರಲಿಲ್ಲ. ಎಲ್ಲಿ ಸಿಗುತ್ತದೆ ಎಂದು ಆಪ್ ಹೇಳುವಂತೆಯೂ ಇರಲಿಲ್ಲ.

ಇಲ್ಲಿ ನಮ್ಮ ಪುಸ್ತಕಲೋಕದವರು ಒಂದು ಆಕ್ಷೇಪ ಎತ್ತಬಹುದು. ಮಾರಾಟಗಾರರಿಗೆ ಮೂವತ್ತರಿಂದ ನಲವತ್ತರವರೆಗೆ ಬಿಡುವುದು ಕನ್ನಡ ಪ್ರಕಾಶಕರಿಗೆ ಹೊಸದೇ? ಲೇಖಕನಿಗೆ ಹತ್ತು ಪರ್ಸೆಂಟ್ ಗೌರವಧನ ಸಿಕ್ಕರೆ ಅದೇ ಭಾಗ್ಯ. ಹಾಗಿರುವಾಗ ಮೂವತ್ತರಲ್ಲಿ ಅನ್ಯಾಯವೇನು ಬಂತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಪುಸ್ತಕದ ಅಂಗಡಿಯವರು ಬಾಡಿಗೆ ಕಟ್ಟುತ್ತಾರೆ, ದಾಸ್ತಾನು ಇಡುತ್ತಾರೆ, ಮಾರಾಟವಾಗದ ಪ್ರತಿಯ ಧೂಳು ಒರೆಸುತ್ತಾರೆ. ಅದಕ್ಕಿಂತ ದೊಡ್ಡ ಮಾತು, ಪ್ರಕಾಶಕ ಸಾಹಿತ್ಯ ಸಮ್ಮೇಳನದಲ್ಲಿ ಸ್ವಂತ ಮಳಿಗೆ ಹಾಕಿ ಮಾರಿದರೆ ಯಾವ ಅಂಗಡಿಗೂ ಪಾಲು ಕೊಡಬೇಕಿಲ್ಲ. ಪುಸ್ತಕದ ಒಳಪುಟದಲ್ಲಿ ಪ್ರಕಾಶನದ ವಿಳಾಸ, ಫೋನ್ ನಂಬರ್ ಇರುತ್ತದೆ. ಓದುಗ ಮುಂದಿನ ಪುಸ್ತಕವನ್ನು ನೇರ ತರಿಸಿಕೊಳ್ಳಬಹುದು. ಆ ಪುಟವನ್ನು ಹರಿದುಹಾಕಿದರೆ ಮಾತ್ರ ನಿಮ್ಮ ಪುಸ್ತಕ ಇಡುತ್ತೇನೆ ಎಂದು ಅಂಗಡಿಯವನು ಕೂತರೆ ಹೇಗಿರುತ್ತದೋ, ಆಪಲ್‌ನ ನಿಯಮ ಹಾಗಿತ್ತು. ಅನ್ಯಾಯ ಮೂವತ್ತು ಎಂಬ ಅಂಕಿಯಲ್ಲಿ ಅಷ್ಟಿಲ್ಲ, ಹರಿದ ಆ ಪುಟದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಈ ಏರ್ಪಾಡು ಬಹಳ ಕಾಲ ನಿಲ್ಲುವುದು ಕಷ್ಟ ಎಂಬ ಅನುಮಾನ ಆಪಲ್‌ನ ಒಳಗೂ ಇತ್ತು. ವರ್ಷಕ್ಕೆ ನೂರು ಕೋಟಿ ಡಾಲರ್ ಲಾಭ ಬರತೊಡಗಿದ ಮೇಲೆ ಪಾಲನ್ನು ಇಪ್ಪತ್ತೈದಕ್ಕೋ ಇಪ್ಪತ್ತಕ್ಕೋ ಇಳಿಸಬಹುದಲ್ಲವೇ ಎಂದು ಹಿರಿಯ ಅಧಿಕಾರಿ ಫಿಲ್ ಶಿಲ್ಲರ್ 2011ರಲ್ಲೇ ಇಮೇಲ್ ಬರೆದಿದ್ದರು. ಹತ್ತು ವರ್ಷದ ನಂತರ ನ್ಯಾಯಾಲಯದ ದಾಖಲೆಯಲ್ಲಿ ಅದು ಹೊರಬಿತ್ತು.

ನ್ಯಾಯಾಲಯಕ್ಕೆ ಎಳೆದದ್ದು ಎಪಿಕ್ ಗೇಮ್ಸ್. 2020ರ ಆಗಸ್ಟ್ 13ರಂದು ಅದು ತನ್ನ 'ಫೋರ್ಟ್‌ನೈಟ್' ಆಟದೊಳಗೆ ಬೇಕೆಂದೇ ಸ್ವಂತ ಪಾವತಿ ದಾರಿ ತೆರೆಯಿತು. ಅದೇ ದಿನ ಎರಡೂ ಸ್ಟೋರ್‌ಗಳು ಆಟವನ್ನು ಹೊರಹಾಕಿದವು. ಅದೇ ದಿನ ಎಪಿಕ್ ದಾವೆ ಹೂಡಿತು. ಬೆಳಿಗ್ಗೆಯೇ ಅರ್ಜಿ ಟೈಪ್ ಮಾಡಿಸಿಟ್ಟು ಮಧ್ಯಾಹ್ನ ಜಗಳ ತೆಗೆದವರ ಹಾಗೆ. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರಾಜರ್ಸ್ ಹತ್ತು ವಾದಗಳಲ್ಲಿ ಒಂಬತ್ತನ್ನು ಆಪಲ್ ಪರ ತೀರ್ಮಾನಿಸಿದರು. ಉಳಿದದ್ದು ಒಂದು: ಹೊರಗಿನ ದಾರಿ ತೋರಿಸುವುದನ್ನು ತಡೆಯುವಂತಿಲ್ಲ. ಹರಿದ ಪುಟವನ್ನು ಮತ್ತೆ ಅಂಟಿಸಿ ಎಂದಂತೆ.

ಆಪಲ್ ಅಂಟಿಸಿದ್ದು ಹೇಗೆ ನೋಡಿ. 2024ರ ಜನವರಿಯಲ್ಲಿ ಹೊರಗಿನ ಕೊಂಡಿಗೆ ಅನುಮತಿ ಕೊಟ್ಟು, ಆ ಕೊಂಡಿಯ ಮೂಲಕ ಹೋಗಿ ಕೊಂಡದ್ದಕ್ಕೂ ಇಪ್ಪತ್ತೇಳು ಪರ್ಸೆಂಟ್ ಕೊಡಿ ಎಂದಿತು. ಪಾವತಿ ಕಂಪನಿಗೆ ಎರಡು ಮೂರು ಪರ್ಸೆಂಟ್ ಕೊಟ್ಟರೆ ಲೆಕ್ಕ ಮತ್ತೆ ಮೂವತ್ತಕ್ಕೇ ಬಂದು ನಿಲ್ಲುತ್ತದೆ. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಧೀಶೆ ಇದು ನ್ಯಾಯಾಂಗ ನಿಂದನೆ ಎಂದರು; ಆಪಲ್‌ನ ಹಣಕಾಸು ವಿಭಾಗದ ಉಪಾಧ್ಯಕ್ಷರೊಬ್ಬರು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆ ಎಂದೂ ತೀರ್ಪಿನಲ್ಲಿ ಬರೆದರು. ಮರುತಿಂಗಳು ಅಮೆರಿಕದ ಕಿಂಡಲ್ ಆಪ್‌ಗೆ ಪುಸ್ತಕ ಕೊಳ್ಳುವ ಗುಂಡಿ ಬಂತು. ಆ ವರ್ಷದ ಕೊನೆಗೆ ಮೇಲ್ಮನವಿ ನ್ಯಾಯಾಲಯ ನಿಂದನೆಯ ತೀರ್ಪನ್ನು ಎತ್ತಿಹಿಡಿಯಿತಾದರೂ, ಹೊರಗಿನ ಕೊಂಡಿಯ ಮಾರಾಟದಲ್ಲಿ ಆಪಲ್ ಬಿಡಿಗಾಸೂ ಮುಟ್ಟಬಾರದು ಎಂದು ನ್ಯಾಯಾಧೀಶೆ ಬರೆದಿದ್ದ ಭಾಗವನ್ನು ಒಪ್ಪಲಿಲ್ಲ. ಎಷ್ಟು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಈ ನಡುವೆ ಸಣ್ಣವರಿಗೆ ಸ್ವಲ್ಪ ಉಸಿರಾಡುವಂತಾಗಿದೆ, ಅದನ್ನೂ ಹೇಳಬೇಕು. ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಗಳಿಸುವವರಿಗೆ 2021ರ ಜನವರಿಯಿಂದ ಆಪಲ್ ಹದಿನೈದಕ್ಕೆ ಇಳಿಸಿತು. ಗೂಗಲ್ ಆ ಜುಲೈನಿಂದ ಎಲ್ಲರ ಮೊದಲ ಹತ್ತು ಲಕ್ಷ ಡಾಲರಿಗೆ ಹದಿನೈದು ಮಾಡಿತು, ಮುಂದಿನ ವರ್ಷ ಚಂದಾಗಳಿಗೂ ಅದನ್ನೇ ಅನ್ವಯಿಸಿತು. ಔದಾರ್ಯವೋ, ಮೊಕದ್ದಮೆಯ ಬಿಸಿಯೋ, ತಾರೀಖುಗಳನ್ನು ನೋಡಿ ನೀವೇ ತೀರ್ಮಾನಿಸಿ.

ನಮ್ಮ ದೇಶದಲ್ಲಿ ಕಥೆಯ ದಾರಿ ಬೇರೆ, ಯಾಕೆಂದರೆ ಇಲ್ಲಿ ನೂರರಲ್ಲಿ ತೊಂಬತ್ತೈದರ ಆಸುಪಾಸು ಫೋನುಗಳು ಆಂಡ್ರಾಯ್ಡ್. ಇಲ್ಲಿ ಸುಂಕದವನೆಂದರೆ ಗೂಗಲ್. 2020ರ ಸೆಪ್ಟೆಂಬರ್ 18ರಂದು ಬೇರೊಂದು ನಿಯಮದ ಹೆಸರಿನಲ್ಲಿ ಪೇಟಿಎಂ ಆಪ್ ಪ್ಲೇ ಸ್ಟೋರಿನಿಂದ ಕೆಲವು ತಾಸು ಮಾಯವಾಯಿತು. ಹತ್ತು ದಿನದಲ್ಲಿ, ಡಿಜಿಟಲ್ ಸರಕು ಮಾರುವವರೆಲ್ಲ ಗೂಗಲ್‌ನ ಬಿಲ್ಲಿಂಗನ್ನೇ ಬಳಸಬೇಕೆಂಬ ನಿಯಮವನ್ನು ಗೂಗಲ್ ಸ್ಪಷ್ಟವಾಗಿ ಸಾರಿತು. ಸ್ಟಾರ್ಟಪ್‌ಗಳು ಗಲಾಟೆ ಎಬ್ಬಿಸಿದ ಮೇಲೆ ಭಾರತದ ಮಟ್ಟಿಗೆ ಗಡುವು ಮುಂದೆ ಹೋಯಿತು. ಇಲ್ಲಿನವರ ಸಿಟ್ಟಿಗೆ ಒಂದು ವಿಶೇಷ ಕಾರಣವಿತ್ತು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕವೇ ಇಲ್ಲ. ಎಳನೀರು ಮಾರುವವನಿಗೂ ಪುಕ್ಕಟೆ ಸಿಗುವ ವಸೂಲಿಗೆ ಮೂವತ್ತು ಯಾಕೆ? ಇದು ಬರೀ ವಸೂಲಿಯ ಶುಲ್ಕವಲ್ಲ. ಆಪ್ ತಪಾಸಣೆ, ಸುರಕ್ಷತೆ, ಕೋಟಿಗಟ್ಟಲೆ ಗಿರಾಕಿಗಳ ಮುಂದೆ ನಿಲ್ಲುವ ಅವಕಾಶ ಎಲ್ಲ ಸೇರಿದ್ದು ಎಂಬುದು ಗೂಗಲ್‌ನ ಉತ್ತರ. ಆ ಉತ್ತರವನ್ನು ತೀರಾ ತಳ್ಳಿಹಾಕುವಂತಿಲ್ಲ. ಆದರೆ ಮೊಬೈಲಿನಲ್ಲಿ ಮಸಾಲೆ ದೋಸೆ ತರಿಸಿದರೆ ಸ್ಟೋರಿಗೆ ಚಿಕ್ಕಾಸೂ ಇಲ್ಲ. ದೋಸೆ ಹುಯ್ಯುವುದನ್ನು ಕಲಿಸುವ ವಿಡಿಯೊ ಪಾಠ ಕೊಂಡರೆ ಸುಂಕ. ತಪಾಸಣೆ, ಸುರಕ್ಷತೆ ಎರಡಕ್ಕೂ ಒಂದೇ ಅಲ್ಲವೇ?

ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಒಂದೇ ವಾರದೊಳಗೆ ಗೂಗಲ್‌ಗೆ ಎರಡು ದಂಡ ಹಾಕಿತು. ಆಂಡ್ರಾಯ್ಡ್ ವಿಷಯಕ್ಕೆ 1,337.76 ಕೋಟಿ ರೂಪಾಯಿ, ಪ್ಲೇ ಸ್ಟೋರ್ ಬಿಲ್ಲಿಂಗಿಗೆ 936.44 ಕೋಟಿ. ಬೇರೆಯವರಿಗೆ ಕಡ್ಡಾಯ ಮಾಡಿದ ಶುಲ್ಕ ಗೂಗಲ್‌ನದೇ ಆದ ಯೂಟ್ಯೂಬಿಗೆ ಅನ್ವಯಿಸಿರಲಿಲ್ಲ ಎಂಬುದನ್ನೂ ಆಯೋಗ ಎತ್ತಿ ತೋರಿಸಿತು. ಎರಡನೆಯ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚಿನಲ್ಲಿ 216.69 ಕೋಟಿಗೆ ಇಳಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ.

ಆಯೋಗದ ಆದೇಶದ ನಂತರ ಗೂಗಲ್ ಬೇರೆ ಬಿಲ್ಲಿಂಗಿಗೂ ಅವಕಾಶ ಕೊಟ್ಟಿತು. ಆದರೆ ಅದರಿಂದ ಕಡಿಮೆಯಾದದ್ದು ನಾಲ್ಕೇ ಪರ್ಸೆಂಟ್. ಒಂದು ಕನ್ನಡ ಆಡಿಯೋ ಪುಸ್ತಕದ ಬೆಲೆ 199 ರೂಪಾಯಿ ಎಂದಿಟ್ಟುಕೊಳ್ಳೋಣ. ಗೂಗಲ್‌ನ ಬಿಲ್ಲಿಂಗ್ ಬಳಸಿದರೆ, ಹದಿನೈದರ ದರದಲ್ಲಿ, 29.85 ರೂಪಾಯಿ ಹೋಯಿತು. ಬೇರೆ ಬಿಲ್ಲಿಂಗ್ ಆರಿಸಿದರೆ ಗೂಗಲ್‌ಗೆ ಹನ್ನೊಂದು ಪರ್ಸೆಂಟ್, ಅಂದರೆ 21.89, ಪೇಮೆಂಟ್ ಗೇಟ್‌ವೇಗೆ ಎರಡು ಪರ್ಸೆಂಟ್ ಹಿಡಿದರೆ 3.98. ಒಟ್ಟು 25.87. ಇಷ್ಟೆಲ್ಲ ಹೋರಾಡಿ ಉಳಿದದ್ದು ಪುಸ್ತಕವೊಂದಕ್ಕೆ ನಾಲ್ಕು ರೂಪಾಯಿಗೆ ಎರಡು ಪೈಸೆ ಕಮ್ಮಿ. ಸ್ವಂತ ವೆಬ್‌ಸೈಟಿನಲ್ಲಿ ಮಾರಿದರೆ ಗೇಟ್‌ವೇಯ 3.98 ಬಿಟ್ಟು ಉಳಿದದ್ದೆಲ್ಲ ಪ್ರಕಾಶಕ, ಲೇಖಕ, ಓದಿದ ದನಿ ಇವರದು.

2024ರ ಮಾರ್ಚ್ 1ರಂದು ಜಗಳ ಬೀದಿಗೆ ಬಂತು. ಶುಲ್ಕ ಕಟ್ಟಿಲ್ಲವೆಂದು ಹತ್ತು ಕಂಪನಿಗಳ ಆಪ್‌ಗಳನ್ನು ಗೂಗಲ್ ತೆಗೆದುಹಾಕತೊಡಗಿತು. ಭಾರತ್ ಮ್ಯಾಟ್ರಿಮೊನಿ, ನೌಕ್ರಿ, 99ಏಕರ್ಸ್, ಕುಕು ಎಫ್ಎಂ ಅವುಗಳಲ್ಲಿದ್ದವು. ಗಂಡು, ಕೆಲಸ, ಸೈಟು, ಕಥೆ ಹುಡುಕುವವರೆಲ್ಲ ಒಂದೇ ದಿನ ಬರಿಗೈಯಾದರು. ಸಚಿವ ಅಶ್ವಿನಿ ವೈಷ್ಣವ್ ಮಧ್ಯೆ ಬಂದು ಎರಡೂ ಕಡೆಯವರನ್ನು ಕೂರಿಸಿದ ಮೇಲೆ ಆಪ್‌ಗಳು ಮರಳಿದವು. ಆ ತಿಂಗಳೇ ಸ್ಪರ್ಧಾ ಆಯೋಗ ಮತ್ತೊಂದು ತನಿಖೆಗೆ ಆದೇಶಿಸಿತು. ಭಾರತದ ಎರಡು ಲಕ್ಷಕ್ಕೂ ಹೆಚ್ಚು ಡೆವಲಪರ್‌ಗಳಲ್ಲಿ ಶುಲ್ಕ ಕಟ್ಟಬೇಕಾದವರು ನೂರಕ್ಕೆ ಮೂವರು ಎಂದು ಗೂಗಲ್ ಹೇಳಿತು. ಇರಬಹುದು. ಆದರೆ ಗಿರಾಕಿಯಿಂದಲೇ ನೇರವಾಗಿ ದುಡ್ಡು ಪಡೆದು ಬದುಕಲು ಹೊರಟವರು ಆ ಮೂವರಲ್ಲೇ ಇದ್ದಾರೆ. ಉಳಿದವರಲ್ಲಿ ಬಹಳ ಮಂದಿ ಜಾಹೀರಾತು ನಂಬಿದವರು, ಇಲ್ಲವೇ ದೋಸೆ ಮಾರುವವರು.

ಬೇರೆ ಕಟ್ಟೆ ಕಟ್ಟುವ ಪ್ರಯತ್ನವೂ ನಡೆದಿದೆ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರುವರಿಯಲ್ಲಿ ಇಂಡಸ್ ಆಪ್‌ಸ್ಟೋರ್ ತೆರೆಯಿತು. ಹನ್ನೆರಡು ಭಾರತೀಯ ಭಾಷೆಗಳು, ಬೇರೆ ಗೇಟ್‌ವೇ ಬಳಸಿದರೆ ಕಮಿಷನ್ ಇಲ್ಲ. ಆದರೆ ಹೊಸ ಫೋನು ಕೊಂಡವನಿಗೆ ಮೊದಲೇ ಕಾಣುವುದು ಪ್ಲೇ ಸ್ಟೋರ್. ಪೇಟೆ ಮಧ್ಯದ ಸಂತೆ ಬಿಟ್ಟು ಊರ ಹೊರಗಿನ ಸಂತೆಗೆ ಹೋಗುವವರು ಕಡಿಮೆ.

ಹೊರಗಡೆ ಕಾನೂನುಗಳ ಸಾಲೇ ಬಂದಿದೆ. ದಕ್ಷಿಣ ಕೊರಿಯಾ 2021ರಲ್ಲಿ ಸ್ವಂತ ಬಿಲ್ಲಿಂಗ್ ಕಡ್ಡಾಯ ಮಾಡುವುದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯ ಕಟ್ಟುಪಾಡುಗಳು 2024ರ ಮಾರ್ಚಿನಿಂದ ದೊಡ್ಡ ಕಂಪನಿಗಳಿಗೆ ಅನ್ವಯವಾದವು. ಮರುವರ್ಷ ಆಪಲ್‌ಗೆ 50 ಕೋಟಿ ಯೂರೊ ದಂಡ. ನಮ್ಮಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚಿನಲ್ಲಿ ಹೊರಬಂತು. ಇವೆಲ್ಲ ಬಾಗಿಲು ತೆರೆಸುವ ಕಾನೂನುಗಳು. 'ನ್ಯಾಯವಾದ ದರ ಇಷ್ಟು' ಎಂದು ಅಂಕಿ ಇಟ್ಟು ಹೇಳುವ ಎದೆಗಾರಿಕೆ ತೋರಿದ್ದು ಬ್ರಿಟನ್ನಿನ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ. ಆಪ್ ಮಾರಾಟಕ್ಕೆ ಆಪಲ್ ಹೆಚ್ಚೆಂದರೆ 17.5 ಪರ್ಸೆಂಟ್ ತೆಗೆದುಕೊಳ್ಳಬಹುದಿತ್ತು, ಅದಕ್ಕಿಂತ ಮೇಲಿನದು ಗಿರಾಕಿಗೆ ಬಿದ್ದ ಹೆಚ್ಚುವರಿ ಹೊರೆ ಎಂದು 2025ರ ಅಕ್ಟೋಬರಿನಲ್ಲಿ ಅದು ಹೇಳಿತು.

ಆಪ್ ಮಾಡುವವರಷ್ಟೇ ಈ ಕಟ್ಟೆಯಲ್ಲಿ ನಿಂತಿಲ್ಲ. ಚಿತ್ರ ಬರೆಯುವವರು, ಪಾಡ್‌ಕಾಸ್ಟ್ ಮಾಡುವವರು ಅಭಿಮಾನಿಗಳಿಂದ ತಿಂಗಳ ಚಂದಾ ಪಡೆಯುವ ಪೇಟ್ರಿಯಾನ್‌ಗೂ ತನ್ನ ಬಿಲ್ಲಿಂಗನ್ನೇ ಬಳಸುವಂತೆ ಆಪಲ್ 2024ರಲ್ಲಿ ಪಟ್ಟು ಹಿಡಿಯಿತು. ಅಭಿಮಾನಿ ಪ್ರೀತಿಯಿಂದ ಕೊಟ್ಟ ನೂರು ರೂಪಾಯಿಯಲ್ಲೂ ಮೂವತ್ತು. ಹಾಗೆಂದು ಕಲಾವಿದರೇ ಕಳೆದುಕೊಳ್ಳಬೇಕೆಂದಿರಲಿಲ್ಲ. ಐಫೋನಿನಲ್ಲಿ ಬೆಲೆ ಏರಿಸುವ ಸವಲತ್ತು ಅವರಿಗೆ ಸಿಕ್ಕಿತು, ಹಾಗೆ ಏರಿಸಿದಾಗ ಕಳೆದುಕೊಂಡದ್ದು ಅಭಿಮಾನಿ.

ಹೀಗೆ ಸುತ್ತಿ ಬಳಸಿ ಸುಂಕ ಬಂದು ಬೀಳುವುದು ನಮ್ಮ ನಿಮ್ಮ ಜೇಬಿಗೇ. 2023ರ ಫೆಬ್ರುವರಿಯಲ್ಲಿ ಟ್ವಿಟರ್ ತನ್ನ ನೀಲಿ ಟಿಕ್ಕಿನ ಚಂದಾವನ್ನು ಭಾರತಕ್ಕೆ ತಂದಾಗ ತಿಂಗಳಿಗೆ ವೆಬ್‌ಸೈಟಿನಲ್ಲಿ 650 ರೂಪಾಯಿ, ಮೊಬೈಲ್ ಆಪ್‌ನಲ್ಲಿ 900 ಇಟ್ಟಿತ್ತು. ಟಿಕ್ಕು ಅದೇ, ಬಣ್ಣ ಅದೇ. ಮುಂದಿನ ಸಲ ಆಪ್‌ನೊಳಗೆ ಚಂದಾ ಕಟ್ಟುವ ಮುನ್ನ ಅದೇ ಸಂಸ್ಥೆಯ ವೆಬ್‌ಸೈಟನ್ನು ಒಮ್ಮೆ ತೆರೆದು ಬೆಲೆ ನೋಡಿ. ಆ ಆಪ್ ನಿಮಗೆ ಇದನ್ನು ಹೇಳುವಂತಿಲ್ಲದಿರಬಹುದು.